ಧಾಬಳಿಗೆ ಮೈಲಿಗೆಯಿಲ್ಲ

ಮುಲಾಮಿಗೆ ದೀಪಾವಳಿಯ ಮರುದಿನದ ಓಣಿಯ ವಾಸನೆ ಇತ್ತು. ಸುಟ್ಟ ಪಟಾಕಿ, ಒದ್ದೆ ಕಾಗದ, ಯಾರದೋ ಮುಗಿದುಹೋದ ಸಂತೋಷ ಎಂದು ಅಂಬಾಳ ಮನಸ್ಸು ಹೊರಟಿತು. ಅವಳು ಅದನ್ನು ಅಲ್ಲಿಯೇ ತಡೆದಳು. ಗಂಧಕ ಎಂದರೆ ಗಂಧಕ. ಬಚ್ಚಲಿನ ಕಲ್ಲಿನ ಮೇಲೆ ಭಾವನ ಮಗಳು, ಏಳು ವರ್ಷದ ಇಂದೂ, ಬರಿಮೈಯಲ್ಲಿ ಎರಡೂ ಕೈ ಮೇಲೆತ್ತಿ ಪೊಲೀಸರಿಗೆ ಸಿಕ್ಕ ಕಳ್ಳನ ಹಾಗೆ ನಿಂತಿದ್ದಳು. ಕಂಕುಳಲ್ಲಿ, ಸೊಂಟದ ಸುತ್ತ, ಬೆರಳ ಸಂದಿಗಳಲ್ಲಿ ಕೆಂಪು ಗುಳ್ಳೆ, ಕೆರೆದುಕೊಂಡಲ್ಲೆಲ್ಲ ಹಕ್ಕಳೆ. ಶ್ರಾವಣದಲ್ಲಿ ಬಂದ ಕಜ್ಜಿ ಗಣಪತಿ ಹಬ್ಬ ಕಳೆದರೂ ಹೋಗಿರಲಿಲ್ಲ. ಹೋದ ಹಾಗೆ ಮಾಡುವುದು, ಮತ್ತೆ ಬರುವುದು, ಸದಾಶಿವ ಪೇಠೆಯ ನಳದ ನೀರಿನ ಹಾಗೆ. ಶಾಲೆಯವರು ವಾಸಿಯಾಗುವ ತನಕ ಬರಬೇಡವೆಂದು ಹುಡುಗಿಯನ್ನು ಮನೆಗೆ ಕಳಿಸಿದ್ದರು. ಅವಳ ತಾಯಿ ಪ್ರೇಮಾವತಿ ಬಾಣಂತನಕ್ಕೆಂದು ಧಾರವಾಡದ ತವರಿಗೆ ಹೋದವಳು ಹಸುಗೂಸನ್ನು ಕಟ್ಟಿಕೊಂಡು ಪುಣೆಗೆ ಮರಳಲು ತುದಿಗಾಲಲ್ಲಿ ನಿಂತಿದ್ದಳು. ದೊಡ್ಡ ಮಗಳ ಕಜ್ಜಿ ಹೋಗುವವರೆಗೆ ಕೂಸನ್ನು ಕಳಿಸುವುದಿಲ್ಲವೆಂದು ತವರಿನವರು ಹಟ ಹಿಡಿದಿದ್ದರು. ಹೀಗೆ ಇಡೀ ಮನೆಯೇ ಈ ಹುಡುಗಿಯ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡು ಕೂತಿತ್ತು.

"ಕಾಕೂ, ಉರೀತದ."

"ಉರೀಲಿ. ಉರದ್ರನ ಅವು ಸಾಯೂದು."

"ನಿನ್ನಿನೂ ಹಂಗ ಅಂದಿ. ಒಂದೂ ಸತ್ತಿಲ್ಲ."

ಅಂಬಾ ಡಬ್ಬಿಯಿಂದ ಇನ್ನೊಂದು ಬೆರಳು ಮುಲಾಮು ತೆಗೆದಳು. ಯಾಕೆ ಸಾಯುತ್ತಿಲ್ಲವೆಂದು ಡಾಕ್ಟರರಿಗೂ ತಿಳಿದಿರಲಿಲ್ಲ. ಲಕ್ಷ್ಮೀ ರಸ್ತೆಯ ಮಾಳಿಗೆಯ ಮೇಲಿನ ಆ ಮರಾಠಿ ಡಾಕ್ಟರರು ಪ್ರತಿಸಲವೂ ಇಂದೂಳ ಕೈಯನ್ನು ಪೆನ್ಸಿಲ್ಲಿನ ತುದಿಯಿಂದ ಹೊರಳಿಸಿ ನೋಡಿ, ಅಂಬಾಳ ಕಡೆಗೆ ಕನ್ನಡಕದ ಮೇಲಿಂದ ಕಣ್ಣು ಹಾಯಿಸಿ, "ಸಗಳೇ ಕಪಡೇ ಉಕಳಾ, ಬಾಈ" ಎನ್ನುತ್ತಿದ್ದರು. ಎಲ್ಲ ಬಟ್ಟೆ ಕುದಿಸಿರಿ. ಕುದಿಸುತ್ತಿದ್ದೇನೆ ಎಂದರೆ ಅವರು ನಂಬುತ್ತಿರಲಿಲ್ಲ. ಇಂಥ ಹೆಂಗಸರು ಮನೆಯಲ್ಲಿ ಸೋಮಾರಿಗಳು, ದವಾಖಾನೆಯಲ್ಲಿ ಸುಳ್ಳುಗಾರರು ಎಂಬ ಅವರ ಅನುಭವ ಅವರ ಹುಬ್ಬಿನಲ್ಲಿಯೇ ಬರೆದಿತ್ತು. ತಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಎಂದು ಹೇಳಬೇಕೆಂದು ಒಮ್ಮೆ ಬಾಯಿ ತೆರೆದಿದ್ದಳು. ಆದರೆ ಹೇಳಿದ ಮೇಲೆ ಕಜ್ಜಿಯ ಹುಡುಗಿಯ ಪಕ್ಕದಲ್ಲಿ ನಿಂತು ಬಿ.ಎಸ್ಸಿ. ಎನ್ನಿಸಿಕೊಳ್ಳಬೇಕಾಗುತ್ತದಲ್ಲ ಎಂದು ಮುಚ್ಚಿದಳು. ಮುಲಾಮಿನ ಡಬ್ಬಿ ಕೊಡುತ್ತ ಡಾಕ್ಟರರು, ಇದರಲ್ಲಿ ಹಂದಿಯ ಚರಬಿ ಇದೆ, ನಿಮ್ಮ ಜನಕ್ಕೆ ಹೇಳಬೇಡಿ ಎಂದು ಕಣ್ಣು ಮಿಟುಕಿಸಿದ್ದರು. ಅದೊಂದೇ ಅವರು ಅವಳನ್ನು ಬುದ್ಧಿವಂತೆಯೆಂದು ಬಗೆದ ಗಳಿಗೆ.

ಮನೆಯಲ್ಲಿ ಇಂದೂಳನ್ನು ಮುಟ್ಟುವವಳು ಅಂಬಾ ಒಬ್ಬಳೇ. ಅತ್ತೆ ಗಂಗೂಬಾಯಿ ಮಡಿಯ ಹೆಂಗಸು. ಬೋಳು ತಲೆ, ಕೆಂಪು ಸೀರೆ, ಅಡುಗೆಮನೆಯ ಹೊಸ್ತಿಲಿನಾಚೆ ಅವಳದೇ ಒಂದು ಸಂಸ್ಥಾನ. ಮೊಮ್ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ಪ್ರೀತಿಯನ್ನು ದೂರದಿಂದ ಎಸೆಯುತ್ತಿದ್ದಳು, ಕಾಗೆಗೆ ಅನ್ನ ಎಸೆದ ಹಾಗೆ. ಭಾವ ಮಾರ್ತಾಂಡರು ಗಂಡಸರು. ಉಳಿದವಳು ಅಂಬಾ. ಗಂಡ ಸದಾನಂದ ತೀರಿಕೊಂಡು ಎರಡು ವರ್ಷವಾಗಿತ್ತು. ಆಗ ಮಾರ್ತಾಂಡರು ತೂಗುಮಂಚದ ಮೇಲೆ ಕೂತು, ಕಲಿತ ಹೆಣ್ಣುಮಗಳ ಕೂದಲು ತೆಗೆಸುವುದು ಈ ಕಾಲಕ್ಕೆ ಶೋಭೆಯಲ್ಲ ಎಂದು ಸುಧಾರಕರ ಧಾಟಿಯಲ್ಲಿ ಸಾರಿದ್ದರು. ಗಂಗೂಬಾಯಿ, ಆಗಲಿ, ಕೂದಲು ಇಟ್ಟುಕೊಂಡವಳು ನನ್ನ ಒಲೆ ಮುಟ್ಟಬಾರದು ಎಂದಿದ್ದಳು. ಕೂದಲು ಉಳಿಯಿತು, ಅಡುಗೆಮನೆ ಹೋಯಿತು. ಅಂಬಾ ಇದನ್ನು ಲಾಭವೆಂದೂ ನಷ್ಟವೆಂದೂ ತಿಳಿಯಲಿಲ್ಲ. ಆಗಿನಿಂದ ಅವಳಿಗೆ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ನಡುಮನೆಯ ಮೂಲೆಯಲ್ಲಿ ಎಲ್ಲರ ನಂತರ ಉಣ್ಣುವಾಗ ಉಪ್ಪು ಹೆಚ್ಚಾಗಿದೆ ಎಂದು ನಾಲಿಗೆಗೆ ತಿಳಿಯುತ್ತಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಯಾರೂ ಅವಳನ್ನು ಮುಟ್ಟುತ್ತಿರಲಿಲ್ಲ, ಅವಳೂ ಯಾರನ್ನೂ. ಆಮೇಲೆ ಈ ಕಜ್ಜಿ ಬಂತು. ದಿನಕ್ಕೆ ಒಂದು ತಾಸು, ಬಿಸಿನೀರು ಹಾಕಿ ತಿಕ್ಕಿ, ಒರೆಸಿ, ಕತ್ತಿನಿಂದ ಕಾಲಿನ ತನಕ ಮುಲಾಮು ಸವರುವಾಗ ಅಂಗೈಯ ಕೆಳಗೆ ಒಂದು ಸಣ್ಣ ಬೆನ್ನು, ಅದರ ಕೀಲುಗಳು, ಅದರ ಬಿಸಿ. ಅದರ ಬಗ್ಗೆ ಅವಳು ವಿಚಾರ ಮಾಡುತ್ತಿರಲಿಲ್ಲ. ತಾಸು ಮುಗಿಯುವ ಹೊತ್ತಿಗೆ ಬೆರಳುಗಳು ತಾವೇ ನಿಧಾನವಾಗುತ್ತಿದ್ದವು, ಅಷ್ಟೇ.

"ಇವತ್ತು ಹುಳಾಜ್ಜಿ ಏನ್ ಮಾಡ್ಲಿಕತ್ತಾಳ?" ಇಂದೂ ಕೇಳಿದಳು. ಅವಳ ಬೆರಳುಗಳು ಆಗಲೇ ಹೊಟ್ಟೆಯ ಕಡೆಗೆ ಹೊರಟಿದ್ದವು. ಅಂಬಾ ಆ ಕೈಯ ಮೇಲೆ ಮೆಲ್ಲಗೆ ಒಂದು ಏಟು ಹಾಕಿದಳು.

ಹುಳಾಜ್ಜಿ ಅಂಬಾ ಕಟ್ಟಿದ ಕತೆ. ಕಾಲೇಜಿನಲ್ಲಿ ಪ್ರೊಫೆಸರರು ಕಜ್ಜಿಯ ಹುಳುವನ್ನು ಕರಿಹಲಗೆಯ ಮೇಲೆ ಬರೆದಿದ್ದರು: ಉರುಟು ಮೈ, ಎಂಟು ಮೋಟು ಕಾಲು. ಹೆಣ್ಣು ಹುಳು ತೊಗಲಿನೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತ ಮುಂದೆ ಹೋಗುತ್ತದೆ ಎಂದು ವಿವರಿಸುತ್ತ ತಟ್ಟನೆ ನಿಂತು, ವರ್ಗದಲ್ಲಿದ್ದ ಒಬ್ಬಳೇ ಹೆಣ್ಣುಮಗಳಿಗೆ ಬೇಕಿದ್ದರೆ ಹೊರಗೆ ಹೋಗಬಹುದು ಎಂದಿದ್ದರು. ಹುಡುಗರು ನಕ್ಕಿದ್ದರು. ಅವಳು ಹೋಗಿರಲಿಲ್ಲ, ಕಿವಿ ಕೆಂಪಾಗಿ ಎಂಟೂ ಕಾಲುಗಳನ್ನು ಒಂದೊಂದಾಗಿ ಬರೆದುಕೊಂಡಿದ್ದಳು. ಆ ಅವಮಾನ ಈಗ ಕೆಲಸಕ್ಕೆ ಬಂದಿತ್ತು. ತುರಿಕೆ ತಡೆಯಲಾರದೆ ಇಂದೂ ಗೋಳಾಡಿದ ದಿನ ಅಂಬಾ ಅವಳ ಬೆರಳ ಸಂದಿಯ ಬೂದುಬಣ್ಣದ ಸಣ್ಣ ಗೆರೆ ತೋರಿಸಿ, ಇದು ಖಂಡಾಳದ ಘಾಟಿನ ರೈಲು ಸುರಂಗ, ಬೋಗದೆ, ಇದರೊಳಗೆ ಹುಳಾಜ್ಜಿ ತನ್ನ ಗಂಟುಮೂಟೆ ಕಟ್ಟಿಕೊಂಡು ಮುಂಬಯಿಗೆ ಹೊರಟಿದ್ದಾಳೆ ಎಂದಿದ್ದಳು. ನೀನು ಕೆರೆದರೆ ಆಕೆಗೆ ಗಾಡಿ ಸಿಗುತ್ತದೆ. ಕೆರೆಯದಿದ್ದರೆ ಸ್ಟೇಷನ್ನಿನಲ್ಲಿ ಕೂತು ಬೈಯುತ್ತಾಳೆ. ಅಂದಿನಿಂದ ಹುಡುಗಿ ತುರಿಕೆ ಬಂದಾಗಲೆಲ್ಲ ಹಲ್ಲು ಕಚ್ಚಿ, ಹುಳಾಜ್ಜಿಯ ಬೈಗುಳ ಕೇಳಿಸಿಕೊಳ್ಳುತ್ತ ಕೂಡುತ್ತಿದ್ದಳು. ಆ ಬೈಗುಳ ಹೆಚ್ಚುಕಡಿಮೆ ಗಂಗೂಬಾಯಿಯ ಧ್ವನಿಯಲ್ಲಿಯೇ ಇರುತ್ತಿತ್ತು.

"ಹುಳಾಜ್ಜಿ ಮಡೀಲೆ ಇರ್ತಾಳೇನು, ಕಾಕೂ?"

"ಭಾಳ ಮಡಿ. ಯಾರನ್ನೂ ಮುಟ್ಟೂದಿಲ್ಲ ಅಂತಾಳ, ಎಲ್ಲಾರ ಮೈಮ್ಯಾಲೂ ಇರ್ತಾಳ."

ಇಂದೂ ಕಿಸಕ್ಕನೆ ನಕ್ಕಳು. "ಮತ್ತ ನೀ ನನ್ನ ಅರಿವಿ ದಿನಾ ಕುದಸ್ತೀ. ಆಕಿ ಯಾಕ ಸಾಯೂದಿಲ್ಲ?"

"ಕುದಿಸಿದ್ದು ಆಕಿ ಉಡೂದೇ ಇಲ್ಲ. ಹತ್ತೀ ಅರಿವಿ ಆಕೀಗೆ ಮೈಲಿಗಿ. ಆಕೀಗೆ ಉಣ್ಣೀದನ ಬೇಕು. ಧಾಬ..."

ಬೆರಳ ತುದಿಯ ಮುಲಾಮು ಹಾಗೆಯೇ ಉಳಿಯಿತು.

ಅಡುಗೆಮನೆಯ ಬಾಗಿಲ ಪಕ್ಕದ ಗೂಟಕ್ಕೆ ನಶ್ಯದ ಬಣ್ಣದ ಒಂದು ಉಣ್ಣೆಯ ಧಾಬಳಿ ತೂಗುತ್ತಿತ್ತು. ಗಂಗೂಬಾಯಿ ಮದುವೆಯಾಗಿ ಬರುವ ಮೊದಲಿನಿಂದಲೂ ತೂಗುತ್ತಿತ್ತು. ಉಣ್ಣೆಗೆ ಮೈಲಿಗೆಯಿಲ್ಲ. ಮೈಲಿಗೆಯೇ ಆಗದ ಮೇಲೆ ಒಗೆಯುವುದೇಕೆ? ಹೊರಗೆ ಆಡಿ ಬಂದ ಇಂದೂ ಊಟಕ್ಕೆ ಹೋಗಬೇಕಾದರೆ ಹೊಸ್ತಿಲಲ್ಲಿ ಫ್ರಾಕು ಬಿಚ್ಚಿ ಆ ಧಾಬಳಿ ಸುತ್ತಿಕೊಳ್ಳಬೇಕು. ಮಡಿ ಧೋತರ ಒಣಗದ ದಿನ ಮಾರ್ತಾಂಡರು ಅದನ್ನೇ ಉಟ್ಟು ಎಲೆಯ ಮುಂದೆ ಕೂಡುವರು. ನಸುಕಿನಲ್ಲಿ ಸ್ನಾನ ಮಾಡಿ, ಕೋಲಿನಿಂದ ಮಡಿಸೀರೆ ಇಳಿಸಿಕೊಳ್ಳುವ ತನಕ ಗಂಗೂಬಾಯಿಯ ಮೈಮೇಲೆ ಅದೇ ಧಾಬಳಿ. ಯಾರೂ ಯಾರನ್ನೂ ಮುಟ್ಟದ ಆ ಮನೆಯಲ್ಲಿ ಎಲ್ಲರೂ ಒಂದೇ ಧಾಬಳಿಯೊಳಗೆ ಸರದಿಯ ಮೇಲೆ ವಾಸವಾಗಿದ್ದರು. ಅಂಬಾ ಒಬ್ಬಳನ್ನು ಬಿಟ್ಟು. ಕೂದಲು ಇದ್ದವಳಿಗೆ ಪಂಕ್ತಿಯೂ ಇಲ್ಲ, ಧಾಬಳಿಯೂ ಇಲ್ಲ. ದಿನವೂ ಕಜ್ಜಿಯಲ್ಲಿ ಕೈಯಾಡಿಸಿಯೂ ಅವಳಿಗೆ ಕಜ್ಜಿ ಇಲ್ಲ. ಅಂಬಾಗೆ ನಗೆ ಬಂದಂತಾಯಿತು, ಬರಲಿಲ್ಲ. ಎಲ್ಲ ಬಟ್ಟೆ ಎಂದು ಡಾಕ್ಟರರು ಹೇಳಿದಾಗ ಅವಳು ಫ್ರಾಕು ಕುದಿಸಿದ್ದಳು, ಹಾಸಿಗೆಯ ಚಾದರ ಕುದಿಸಿದ್ದಳು, ಚಿಂದಿಯ ಗೊಂಬೆಯನ್ನು ಸಹ ಕುದಿಸಿದ್ದಳು. ಧಾಬಳಿ ಒಂದು ಬಟ್ಟೆ ಎಂದು ಅವಳಿಗೂ ಅನ್ನಿಸಿರಲಿಲ್ಲ. ದೇವರ ಪಟವನ್ನು ಕಾಗದ ಎಂದು ಯಾರಿಗೆ ಅನ್ನಿಸುತ್ತದೆ? ಇಷ್ಟು ಓದಿದ್ದಕ್ಕೆ ಬಂದ ಫಲ ಇದು.

"ಧಾಬ ಏನು, ಕಾಕೂ?"

"ಏನಿಲ್ಲ. ಕಾಲ ಚಾಚು."

ಸಂಜೆ ಹೇಳಿದರಾಯಿತು ಎಂದುಕೊಂಡಳು. ಸಂಜೆ ಗಂಗೂಬಾಯಿ ಜಪಕ್ಕೆ ಕೂತಿದ್ದಳು. ಮರುದಿನ ಮಾರ್ತಾಂಡರಿಗೆ ತಲೆನೋವು. ಅದರ ಮರುದಿನ ಏನೂ ಅಡ್ಡಿ ಇರಲಿಲ್ಲ, ಆದರೂ ಹೇಳಲಿಲ್ಲ. ಬದಲು, ಜಾತ್ರೆಯಲ್ಲಿ ಬೊಂಬೆಯಾಟ ನೋಡುವವಳ ಹಾಗೆ, ಕಂಬಕ್ಕೆ ಒರಗಿ ಮನೆಯವರ ಕೆರೆತ ನೋಡಿದಳು. ಮಿಲಿಟರಿ ಲೆಕ್ಕಪತ್ರದ ಆಫೀಸಿನಿಂದ ಬಂದ ಮಾರ್ತಾಂಡರು ಕೋಟು ಕಳಚಿ, ಯುದ್ಧ ಹೇಗೆ ಸಾಗಬೇಕೆಂಬುದನ್ನು ಗೋಡೆಗೆ ವಿವರಿಸುತ್ತ, ಮರದ ರೂಲನ್ನು ಅಂಗಿಯ ಬೆನ್ನೊಳಗೆ ಇಳಿಸುತ್ತಿದ್ದರು. ಕೇಳಿದರೆ ಆಫೀಸಿನ ಖುರ್ಚಿಯ ತಗಣಿ ಎನ್ನುವರು. ಗಂಗೂಬಾಯಿ ದೇವರ ಪದ ಹೇಳುತ್ತ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ತಾಳಕ್ಕೆ ಸರಿಯಾಗಿ, ಎಡಕ್ಕೆ ಬಲಕ್ಕೆ ತೂಗುತ್ತಿದ್ದಳು. ಪಲ್ಲವಿ ಬಂದಾಗ ಕಣ್ಣು ಮುಚ್ಚುವಳು. ಅದು ಭಕ್ತಿಯೆಂದು ಅಂಬಾ ಇಷ್ಟು ದಿನ ನಂಬಿದ್ದಳು. ಅಜ್ಜಿಗೆ ಪಿತ್ತ, ಅಪ್ಪನಿಗೆ ತಗಣಿ, ಕಜ್ಜಿ ಮಾತ್ರ ಹುಡುಗಿಗೆ. ಇದರಲ್ಲಿ ಒಂದು ಸುಖವಿತ್ತು, ಆ ಸುಖದ ಕೆಳಗೆ ಇನ್ನೊಂದು ವಿಷಯವಿತ್ತು, ಅದನ್ನು ಅವಳು ಎತ್ತಿ ನೋಡಲಿಲ್ಲ. ಕಜ್ಜಿ ಹೋದರೆ ಪ್ರೇಮಾವತಿ ಬರುತ್ತಾಳೆ. ಪ್ರೇಮಾವತಿ ಬಂದರೆ ಬಚ್ಚಲಿನ ಆ ತಾಸು ಇರುವುದಿಲ್ಲ. ಇಷ್ಟೇ. ಬರೆದರೆ ಒಂದು ಸಾಲೂ ಆಗದು. ಆ ಒಂದು ಸಾಲಿಗಾಗಿ ಹುಡುಗಿ ಇನ್ನೊಂದು ರಾತ್ರಿ ಕೈಗೆ ಕಾಲುಚೀಲ ಕಟ್ಟಿಸಿಕೊಂಡು ನರಳಿದಳು, ಮತ್ತೊಂದು ರಾತ್ರಿಯೂ.

ವಾಡೆಯ ಅಂಗಳದ ನೀರಿನ ಹೌದಿನ ಬಳಿ ಇಂದೂ ಮಾತಾಡುತ್ತಿರುವುದು ಕೇಳಿಸಿದ್ದು ಒಂದು ಮಧ್ಯಾಹ್ನ. ಹೌದಿನ ಆಚೆಗೆ ಎದುರು ಮನೆಯ ನರ್ಮದಾ, ಈಚೆಗೆ ಇವಳು. ನಡುವೆ ಅಷ್ಟು ನೀರು ಇರಲಿ ಎಂದು ನರ್ಮದಾಳ ತಾಯಿಯ ಕಟ್ಟಪ್ಪಣೆ. ಇಬ್ಬರೂ ಮರಾಠಿಯಲ್ಲಿ, ದೊಡ್ಡವರು ವ್ಯವಹಾರ ಮಾತಾಡುವ ಹಾಗೆ ಮಾತಾಡುತ್ತಿದ್ದರು. ನಮ್ಮ ಅವ್ವ ಇನ್ನು ಬರುವುದಿಲ್ಲ ಎಂದು ಇಂದೂ ತಿಳಿಸಿದಳು. ತಂಗಿಯ ಬೆರಳು ಮೆತ್ತಗೆ ಇರುತ್ತವೆ, ಹುಳಾಜ್ಜಿ ಮೊದಲು ಅವನ್ನೇ ತಿನ್ನುತ್ತಾಳೆ. ಹುಳಾಜ್ಜಿಗೆ ನನ್ನ ಮೇಲೆ ಸಿಟ್ಟಿಲ್ಲ, ಆದರೆ ನನ್ನನ್ನು ಬಿಟ್ಟು ಹೋಗಲಿಕ್ಕೂ ಆಕೆಗೆ ಆಗುವುದಿಲ್ಲ. ಅದಕ್ಕೆ ನಾನು ದೊಡ್ಡವಳಾದ ಮೇಲೂ ಬಚ್ಚಲಲ್ಲಿಯೇ ಇರುತ್ತೇನೆ. ಕಾಕೂನೂ ಇರುತ್ತಾಳೆ. ಕಾಕೂಗೆ ಬೇರೆ ಎಲ್ಲಿಯೂ ಜಾಗ ಇಲ್ಲ. "ಊಟ?" ಎಂದು ನರ್ಮದಾ ಕೇಳಿದಳು. ಊಟ ಎಸೀತಾರೆ, ಎಂದಳು ಇಂದೂ.

ಕಿಟಕಿಯ ಒಳಗೆ ಅಂಬಾ ಹಿಂಡುತ್ತಿದ್ದ ಬಟ್ಟೆಯಲ್ಲಿ ನೀರು ಮುಗಿದು ಬಹಳ ಹೊತ್ತಾಗಿತ್ತು. ಅವಳು ಇನ್ನೂ ಹಿಂಡುತ್ತಲೇ ಇದ್ದಳು.

ಮರುದಿನ ರವಿವಾರ, ಎಲ್ಲರೂ ಊಟಕ್ಕೆ ಕೂತಾಗ ಅವಳು ನಡುಮನೆಯ ಮೂಲೆಯಿಂದ ಎದ್ದು ಬಂದು ಹೊಸ್ತಿಲ ಹೊರಗೆ ನಿಂತಳು. ಮಾರ್ತಾಂಡರು ಹುಳಿ ಕಲಸುತ್ತಿದ್ದರು. ಇಂದೂ ಒಂದು ಮಾರು ದೂರದಲ್ಲಿ ಧಾಬಳಿಯೊಳಗಿಂದ ಮುಖ ಮಾತ್ರ ಹೊರಗೆ ಹಾಕಿ, ಆಮೆಯ ಮರಿಯ ಹಾಗೆ, ಅನ್ನ ತಿನ್ನುತ್ತಿದ್ದಳು.

"ಅತ್ಯಾರ, ಆ ಧಾಬಳಿ ಒಂದ್ಸಲ ಕುದಿಸಬೇಕಾಗ್ಯದರಿ."

ಗಂಗೂಬಾಯಿಯ ಸೌಟು ಗಾಳಿಯಲ್ಲಿ ನಿಂತಿತು. "ಏನು ಕುದಿಸಬೇಕಾಗ್ಯದ?"

"ಧಾಬಳಿ. ಕಜ್ಜೀ ಹುಳ ಅದರಾಗ ಅದಾವರಿ. ಅದಕ್ಕನ ಎಷ್ಟು ಹಚ್ಚಿದ್ರೂ ಹೋಗವಲ್ವು."

"ಉಣ್ಣೀಗೆ ಮೈಲಿಗಿಲ್ಲ."

"ಮೈಲಿಗಿ ಇಲ್ಲರಿ. ಹುಳ ಅದ."

"ಧಾಬಳ್ಯಾಗ ಇದ್ರ ಅವೂ ಮಡೀ ಹುಳಾನ. ಅವು ಯಾರಿಗೂ ಏನೂ ಮಾಡೂದಿಲ್ಲ."

"ಮತ್ತ ನಿಮ್ಮ ಬೆನ್ನರಿ?"

"ನನಗ ಪಿತ್ತ." ಗಂಗೂಬಾಯಿ ಸೌಟನ್ನು ಪಾತ್ರೆಗೆ ಕುಟ್ಟಿದಳು. "ನಲವತ್ತು ವರ್ಷದ ಪಿತ್ತ. ನೀ ಹುಟ್ಟೂಕಿಂತ ಮೊದಲಿಂದು."

ಮಾರ್ತಾಂಡರು ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಸುಧಾರಣೆ ಅಲ್ಲಿಯ ತನಕ ಬಂದಿರಲಿಲ್ಲ. ಅವರು ಎಲೆಯನ್ನೇ ನೋಡುತ್ತ, "ಇಂದೂ, ನಿಮ್ಮ ಕಾಕೂಗ ಹೇಳು. ನಮ್ಮ ಆಫೀಸಿನ ಖುರ್ಚ್ಯಾಗ ತಗಣಿ ಭಾಳ ಆಗ್ಯಾವ. ಸಾಹೇಬಗ ಅರ್ಜಿ ಹೋಗ್ಯದ" ಎಂದರು.

"ಕಾಕೂ, ಅಪ್ಪನ ಖುರ್ಚ್ಯಾಗ ತಗಣಿ ಅದಾವ," ಎಂದಿತು ಧಾಬಳಿ, ಬಾಯ ತುಂಬ ಅನ್ನ ಇಟ್ಟುಕೊಂಡು.

"ಕೇಳ್ತು," ಎಂದಳು ಅಂಬಾ. ತನ್ನ ಧ್ವನಿ ಕರಿಹಲಗೆಯ ಮುಂದೆ ನಿಂತವರ ಧ್ವನಿಯ ಹಾಗೆ ಒಣಗಿರುವುದು ಅವಳಿಗೇ ಕೇಳಿಸಿತು. "ಇಂದೂನ್ನ ದಿನಾ ಮುಟ್ಟಾಕಿ ನಾ ಒಬ್ಬಾಕಿ. ನನಗ ಕಜ್ಜಿ ಇಲ್ಲ. ಮುಟ್ಟಲಾರದವರಿಗೆಲ್ಲಾ ಕೆರತ ಅದ. ಯಾಕ ಅಂತ ನೀವ ವಿಚಾರ ಮಾಡ್ರಿ."

ಗಂಗೂಬಾಯಿ ವಿಚಾರ ಮಾಡಲಿಲ್ಲ. "ನಿನಗ ಹ್ಯಾಂಗ ಬರ್ತದವಾ?" ಎಂದಳು, ಬಹಳ ಮೆಲ್ಲಗೆ, ಹೆಚ್ಚಿನ ಉಪ್ಪನ್ನು ಎಲೆಯ ಬದಿಗೆ ಸರಿಸಿದ ಹಾಗೆ. "ನಿನಗ ಏನೂ ಹತ್ತೂದಿಲ್ಲ. ನನ್ನ ಮಗ ಹೋದಾಗನ ಹತ್ತಲಿಲ್ಲ."

ಮಾರ್ತಾಂಡರ ಕೈ ಹುಳಿಯಲ್ಲಿ ನಿಂತಿತು. ಅಂಬಾ ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಸದಾನಂದ ತೀರಿಕೊಂಡ ದಿನ ಇದೇ ನಡುಮನೆಯಲ್ಲಿ ಅವನನ್ನು ಮಲಗಿಸಿದ್ದರು. ಹೆಂಗಸರು ಸುತ್ತ ಕೂತು ಅವಳ ಕಣ್ಣಿನಿಂದ ನೀರು ಬರುವುದನ್ನೇ ಕಾಯುತ್ತಿದ್ದರು, ನಳ ಬರುವುದನ್ನು ಕಾದ ಹಾಗೆ. ಅದು ಬರಲಿಲ್ಲ. ಸೊಳ್ಳೆಯೊಂದು ಬಂತು. ಮೊಣಕೈ ಮೇಲೆ ಕೂತು ಕಚ್ಚಿತು. ಅವಳು ತಡೆದಳು, ತಡೆದಳು, ಕೊನೆಗೆ ಕೆರೆದುಕೊಂಡಳು. ಸಣ್ಣಗೆ, ಸೆರಗಿನ ಒಳಗೆ. ಎಲ್ಲರೂ ನೋಡಿದರು. ಗಂಡನ ಹೆಣದ ಮುಂದೆ ಕೂತು ಕೆರೆದುಕೊಂಡವಳು ಎಂದು ಆಮೇಲೆ ಹನ್ನೆರಡು ದಿನ ಮನೆಯ ಮೂಲೆಮೂಲೆಯಲ್ಲಿ ಪಿಸುಗುಟ್ಟಿದರು. ಅವಳಿಗೆ ನೆನಪಿರುವುದು ಇಷ್ಟೇ: ಆ ಇಡೀ ದಿನದಲ್ಲಿ ತನ್ನ ಮೈಗೆ ತಿಳಿದದ್ದು ಆ ಒಂದು ತುರಿಕೆ. ಅದರ ನಂತರ ಅದೂ ಇಲ್ಲ.

ಏಕಾದಶಿಯ ದಿನ ಒಲೆ ಹಚ್ಚುವುದಿಲ್ಲ, ಪಂಕ್ತಿಯಿಲ್ಲ, ಧಾಬಳಿಗೆ ರಜೆ. ಗಂಗೂಬಾಯಿ ವಿಠೋಬನ ಗುಡಿಗೆ ಪುರಾಣ ಕೇಳಲು ಹೋದಳು. ಮಾರ್ತಾಂಡರು ಆಫೀಸಿಗೆ. ಅಂಬಾ ಗೂಟದ ಮುಂದೆ ನಿಂತಳು. ಕೈ ಚಾಚಿದರೆ ಸಿಡಿಲು ಬೀಳಬಹುದೆಂದು ಬಿ.ಎಸ್ಸಿ.ಯೊಳಗೆ ಎಲ್ಲೋ ಕೂತ ಒಬ್ಬ ಹುಡುಗಿಗೆ ಅನ್ನಿಸಿತು. ಬೀಳಲಿಲ್ಲ. ಧಾಬಳಿ ಎಣಿಸಿದ್ದಕ್ಕಿಂತ ಭಾರವಾಗಿತ್ತು. ಬಚ್ಚಲ ಹಂಡೆಯಲ್ಲಿ ನೀರು ಮರಳುತ್ತಿತ್ತು. ಒಂದು ಹಿಡಿ ಸೋಡಾ ಹಾಕಿ, ಅದನ್ನು ಮುಳುಗಿಸಿ, ಕೋಲಿನಿಂದ ಅದುಮಿ ಹಿಡಿದಳು. ಇಂದೂ ಬಾಗಿಲಲ್ಲಿ ಕಾವಲು ಕೂತಿದ್ದಳು.

"ಹುಳಾಜ್ಜಿ ಒದರ್ಲಿಕತ್ತಾಳೇನು?"

"ಗೋವಿಂದಾ ಗೋವಿಂದಾ ಅನ್ಲಿಕತ್ತಾಳ."

"ಸಾಯ್ತಾಳೇನು, ಕಾಕೂ?" ಧ್ವನಿಯಲ್ಲಿ ಸ್ವಲ್ಪ ದುಃಖವೂ ಇತ್ತು.

"ಸಾಯ್ತಾಳ. ನಿಮ್ಮ ತಂಗಿ ಬೆರಳು ಆಕೀಗೆ ಸಿಗೂದಿಲ್ಲ."

ನೀರು ಕಡು ಚಹದ ಬಣ್ಣಕ್ಕೆ ತಿರುಗಿತು. ತುಪ್ಪ, ಕರ್ಪೂರ, ಹೊಗೆ, ಬೆವರು, ತಲೆಮಾರುಗಳ ಊಟದ ವಾಸನೆ ಹಬೆಯಾಗಿ ಎದ್ದು ಬಚ್ಚಲು ತುಂಬಿತು. ಸದಾನಂದ ಹುಡುಗನಾಗಿದ್ದಾಗ ಇದನ್ನೇ ಸುತ್ತಿಕೊಂಡು ಉಣ್ಣಲು ಕೂಡುತ್ತಿದ್ದನಂತೆ. ಧಾಬಳಿಯ ಒಳಗೆ ಭೂಗೋಳದ ಪುಸ್ತಕ ಅಡಗಿಸಿಕೊಂಡು ಓದುತ್ತಿದ್ದೆ ಎಂದು ಅವನು ಮದುವೆಯಾದ ಹೊಸದರಲ್ಲಿ ಹೇಳಿದ್ದ, ಹೇಳಿ ತಾನೇ ನಕ್ಕಿದ್ದ. ಅವನದೂ ಏನೋ ಇದರಲ್ಲಿ ಇದ್ದೀತು. ಇದ್ದರೆ ಅದೂ ಕುದಿಯಲಿ. ಅವಳು ಕೋಲು ತಿರುಗಿಸಿದಳು. ಕಣ್ಣಿಗೆ ಹಬೆ ಹೊಡೆದು ನೀರು ಬಂತು. ಹಬೆಯದೇ ನೀರು, ಸಂಶಯವಿಲ್ಲ, ಅವಳು ಪರೀಕ್ಷಿಸಿ ನೋಡಿದಳು.

ಹೊರಗೆ ತೆಗೆದಾಗ ಧಾಬಳಿ ಇರಲಿಲ್ಲ. ಹಂಡೆಯಿಂದ ಬಂದದ್ದು ದಪ್ಪಗೆ, ಗಡುಸಾಗಿ, ಕಂಬಳಿಯ ಆಸನದಷ್ಟಿದ್ದ ಒಂದು ವಸ್ತು. ಎಳೆದರೂ ಜಗ್ಗಿದರೂ ಅದು ಹಿಗ್ಗಲಿಲ್ಲ. ಉಣ್ಣೆ ಕುದಿಸಿದರೆ ಮುದುಡುತ್ತದೆ. ಯಾರಿಗೆ ತಿಳಿಯದು? ಅವಳಿಗೂ ತಿಳಿದಿತ್ತು. ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ, ಬಿ.ಎಸ್ಸಿ.ಯ ಉಳಿದ ವಿದ್ಯೆಯ ಹಾಗೆ. ಅದನ್ನು ಅಂಗಳದ ಹಗ್ಗದ ಮೇಲೆ ಹರವಿ ಅವಳು ಬಚ್ಚಲ ಮೆಟ್ಟಿಲ ಮೇಲೆ ಕೂತಳು. ಓಡಿಹೋಗುವಂಥ ಜಾಗ ಯಾವುದೂ ನೆನಪಾಗಲಿಲ್ಲ.

ಗಂಗೂಬಾಯಿ ಗುಡಿಯಿಂದ ಬಂದು, ಕಾಲು ತೊಳೆದು, ಮೊದಲು ಗೂಟ ನೋಡಿದಳು. ಆಮೇಲೆ ಹಗ್ಗ.

"ಇದು ಏನು?"

"ಧಾಬಳಿ ಮರಿ ಹಾಕ್ಯದ, ಅಜ್ಜಿ," ಎಂದಳು ಇಂದೂ.

"ನಾನ ಕುದಿಸೀನ್ರಿ," ಎಂದಳು ಅಂಬಾ.

ಗಂಗೂಬಾಯಿ ಹತ್ತಿರ ಹೋದಳು. ಮುಟ್ಟಲಿಲ್ಲ. ಬಗ್ಗಿ ಮೂಸಿದಳು. ಸೋಡಾದ ವಾಸನೆ. ಅಂಬಾ ಕಾದಳು: ಕೂಗಾಟ, ಉಪವಾಸ, ಪ್ರಾಯಶ್ಚಿತ್ತ, ಮಾರ್ತಾಂಡರ ಭಾಷಣ. ಮುದುಕಿ ಹೌದಿನ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು. "ನಮ್ಮ ಅತ್ತೀದು ಅದು" ಎಂದಳು. "ಆಕಿನೂ ಕೆರಕೋತಿದ್ಲು. ಸಾಯೂ ತನಕ ಕೆರಕೊಂಡ್ಲು. ಚಿತೀ ಮ್ಯಾಲ ಇಟ್ಟಾಗ ಮೈತುಂಬ ಉಗುರಿನ ಗೀರು."

"ಪಿತ್ತ ಅಂತಿದ್ರೇನ್ರಿ?"

"ಮತ್ತೇನಂತಾರ?" ಗಂಗೂಬಾಯಿ ಅವಳ ಕಡೆ ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. "ಆ ನಿನ್ನ ಮುಲಾಮು. ಅದರಾಗ ಚರಬಿ ಗಿರಬಿ ಇಲ್ಲಲಾ?"

"ಇಲ್ಲರಿ," ಎಂದಳು ಅಂಬಾ ತಡವರಿಸದೆ. "ಬೆಣ್ಣಿ."

"ಆಕಳ್ದೋ, ಎಮ್ಮೀದೋ?"

"ಆಕಳದ್ರಿ."

ಬಚ್ಚಲಲ್ಲಿ ಗಂಗೂಬಾಯಿ ಗೋಡೆಗೆ ಮುಖ ಮಾಡಿ ಕೂತು ಸೆರಗು ಇಳಿಸಿದಳು. ಮುಟ್ಟಬೇಡ, ಕಟ್ಟಿಗೆಯ ಸೌಟಿನಿಂದ ಹಚ್ಚು ಎಂದು ಅಪ್ಪಣೆಯಾಯಿತು. ಅಂಬಾ ಸೌಟಿನ ಬೆನ್ನಿಂದ ಮುಲಾಮು ಬಳಿದಳು, ಗೋಡೆಗೆ ಸುಣ್ಣ ಬಳಿದ ಹಾಗೆ. ನಲವತ್ತು ವರ್ಷದ ಪಿತ್ತ ಆ ಬೆನ್ನ ಮೇಲೆ ಘಾಟಿನ ಎಲ್ಲ ಬೋಗದೆಗಳನ್ನೂ ಕೊರೆದಿತ್ತು. ತೊಗಲು ಆನೆಯ ಕಿವಿಯ ಹಾಗೆ ದಪ್ಪಗಟ್ಟಿ ಸೀಳಿತ್ತು. ಸೌಟು ಭುಜದ ಎಲುಬಿಗೆ ತಾಗಿ ಜಾರಿತು.

"ಕಟ್ಟಿಗಿ ಚುಚ್ತದ," ಎಂದಳು ಗಂಗೂಬಾಯಿ ಗೋಡೆಗೆ. "ಹ್ಯಾಂಗಿದ್ರೂ ಮತ್ತ ಸ್ನಾನ ಮಾಡಬೇಕು. ಕೈಲೇ ಹಚ್ಚು."

ಅಂಬಾ ಹಚ್ಚಿದಳು. ಮುದುಕಿಯ ಬೆನ್ನು ಮೊದಲು ಬಿಗಿಯಿತು, ಆಮೇಲೆ ತುಸುತುಸುವೇ ಸಡಿಲಾಯಿತು, ಕೊನೆಗೆ ಅವಳ ಅಂಗೈಗೆ ತಾನೇ ಒರಗಿತು. ಸಂಜೆ ಮಾರ್ತಾಂಡರು ಹಗ್ಗದ ಮೇಲಿನ ವಸ್ತುವನ್ನೂ, ಗಂಧಕದ ವಾಸನೆಯ ತಾಯಿಯನ್ನೂ ನೋಡಿ ನೇರ ಕೋಣೆಗೆ ಹೋದರು. ದೀಪ ಹಚ್ಚಿದ ಮೇಲೆ ಕೋಣೆಯ ಬಾಗಿಲ ಹಿಂದಿನಿಂದ ಧ್ವನಿ ಬಂತು: "ಇಂದೂ, ನಿಮ್ಮ ಕಾಕೂಗ ಕೇಳು. ತಗಣಿ ಕಡತಕ್ಕ ಆ ಮುಲಾಮು ನಡೀತದೇನು ಅಂತ." ಡಬ್ಬಿ ಬಾಗಿಲ ಸಂದಿಯಿಂದ ಒಳಗೆ ಹೋಯಿತು.

ದೀಪಾವಳಿಗೆ ಇಂದೂಳ ಮೈ ತಿಳಿಯಾಯಿತು. ಪ್ರೇಮಾವತಿ ಬರುವ ಬೆಳಿಗ್ಗೆ ಮಾರ್ತಾಂಡರು ಟಾಂಗಾ ತೆಗೆದುಕೊಂಡು ಸ್ಟೇಷನ್ನಿಗೆ ಹೋಗಿದ್ದರು. ಗಂಗೂಬಾಯಿ ಮುದುಡಿದ ಧಾಬಳಿಯನ್ನು ನಾಲ್ಕು ಮಡಿಕೆ ಮಾಡಿ, ಕೂಸಿಗೆ ಸರಿಯಾಗ್ತದ ಎಂದು ತೊಟ್ಟಿಲಲ್ಲಿ ಹಾಸಿದ್ದಳು. ಹೊಸ ಧಾಬಳಿ ತರಿಸುವ ಮಾತು ಎತ್ತಿದ್ದಳು, ಅದನ್ನು ಒಗೆಯುವ ಮಾತು ಎತ್ತಿರಲಿಲ್ಲ. ಹೊಸ ಫ್ರಾಕು ತೊಟ್ಟ ಇಂದೂ ಅಂಗಳದಲ್ಲಿ ನರ್ಮದಾಳ ಕೈ ಹಿಡಿದು ಗಿರಗಿರ ತಿರುಗುತ್ತಿದ್ದಳು. ಬಚ್ಚಲಲ್ಲಿ ಅಂಬಾಗೆ ಕೆಲಸವಿರಲಿಲ್ಲ. ಆದರೂ ಆ ಹೊತ್ತಿಗೆ ಅಲ್ಲಿಗೆ ಹೋದಳು. ಕಲ್ಲು ಒಣಗಿತ್ತು. ಅವಳು ಅದರ ಮೇಲೆ ಕೂತಳು, ಕೂತು ಬಹಳ ಹೊತ್ತಾದ ಮೇಲೆ, ತನ್ನ ಬಲಗೈಯ ಉಗುರು ಎಡಗೈಯ ಬೆರಳ ಸಂದಿಯಲ್ಲಿ ಕೆಲಸ ಮಾಡುತ್ತಿರುವುದನ್ನು ಕಂಡಳು. ಎಷ್ಟು ಹೊತ್ತಿನಿಂದಲೋ. ಬೆಳಕಿಗೆ ಹಿಡಿದು ನೋಡಿದಳು: ಬೂದುಬಣ್ಣದ ಸಣ್ಣ ಗೆರೆ, ತುದಿಯಲ್ಲಿ ಒಂದು ಚುಕ್ಕೆ. ಮುದುಕಿಯ ಬೆನ್ನಿನಿಂದ ಹೊರಟ ಗಾಡಿ ಇಲ್ಲಿಗೆ ಬಂದು ಮುಟ್ಟಿತ್ತು. ಹೆದರಬೇಕಿತ್ತು, ಮನೆಗೆ ಕೂಸು ಬರುತ್ತಿದೆ. ಅವಳು ಮತ್ತೊಮ್ಮೆ ಕೆರೆದಳು. ತುರಿಕೆ ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಎರಡು ವರ್ಷದ ಹಿಂದೆ ಸೊಳ್ಳೆ ಕೂತಿದ್ದ ಜಾಗಕ್ಕೆ ಏರಿತು. ಎಂಥ ಸುಖ! ಅವಳು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಪಲ್ಲವಿಗೆ ಬಂದ ಗಂಗೂಬಾಯಿಯ ಹಾಗೆ ತೂಗುತ್ತ ಕೆರೆದುಕೊಂಡಳು.

"ಕಾಕೂ! ಕೆರಕೋಬ್ಯಾಡ!"

ಬಾಗಿಲಲ್ಲಿ ಇಂದೂ. ಓಡಿ ಬಂದು ಅಂಬಾಳ ಕೈಯ ಮೇಲೆ ಛಟ್ಟನೆ ಏಟು ಹಾಕಿದಳು. ಬೆರಳುಗಳನ್ನು ಅಗಲಿಸಿ, ಡಾಕ್ಟರರ ಹಾಗೆ ಹುಬ್ಬು ಗಂಟಿಕ್ಕಿ ನೋಡಿದಳು. ಗೂಡಿನಲ್ಲಿದ್ದ ಡಬ್ಬಿ ಇಳಿಸಿ, ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಕೆರೆದು ತೆಗೆದಳು.

"ಕೈ ಎತ್ತು."

ಅಂಬಾ ಎರಡೂ ಕೈ ಎತ್ತಿದಳು. ಹೊಸ ಫ್ರಾಕಿನ ಹುಡುಗಿ ಒಂದೊಂದೇ ಬೆರಳ ಸಂದಿಗೆ ಮುಲಾಮು ತುಂಬಿ ತಿಕ್ಕತೊಡಗಿದಳು, ಚೂರೂ ದಯೆಯಿಲ್ಲದೆ. ಹೊರಗೆ ಓಣಿಯ ತಿರುವಿನಲ್ಲಿ ಟಾಂಗಾದ ಗೆಜ್ಜೆ ಕೇಳಿಸಿತು. ಇಂದೂ ಕಿವಿ ನಿಮಿರಿಸಿದಳು, ಆದರೆ ಕೈ ಬಿಡಲಿಲ್ಲ.

"ಉರೀತದ, ಇಂದೂ," ಎಂದಳು ಅಂಬಾ. ಅವಳ ಧ್ವನಿ ಒಡೆಯಿತು.

"ಉರೀಲಿ," ಎಂದಳು ಇಂದೂ. "ಇನ್ನೊಂದು ಕೈ ಕೊಡು. ಜಲ್ದಿ."